ಸಾಹುಕಾರರ ಹಳೇ ಕಾರು

ಬಸವಾಪಟ್ಟಣದ ಅಡಿಕೆ ವ್ಯಾಪಾರಿ ನಾಗರಾಜಪ್ಪ ಹೊಸ ಕಾರು ತಂದ ಮೇಲೆ ಹಳೇ ಡೀಸೆಲ್ ಕಾರನ್ನು ತಮ್ಮ ಡ್ರೈವರ್ ತಿಪ್ಪೇರುದ್ರನಿಗೇ ಕೊಟ್ಟುಬಿಟ್ಟರು. ಅರ್ಧ ಆಯುಷ್ಯ ಅದನ್ನೇ ಓಡಿಸಿದವನು. ಅದರ ಕೆಮ್ಮು ಕೇಳಿಯೇ ಕಾಯಿಲೆ ಹೇಳುತ್ತಿದ್ದ. ಊರಿನ ಕಾಯಿಲೆ ಮಾತ್ರ ಮರೆತಿದ್ದ.

ಆ ಸೋಮವಾರ ಹೆಂಡತಿ ಹನುಮಂತಮ್ಮನನ್ನು ಅವಳ ತವರು ಬಿಳಿಚೋಡಿಗೆ ಕರೆದುಕೊಂಡು ಹೊರಟ. ಇಷ್ಟು ವರ್ಷ ಆ ಕಾರು ತೊಳೆದವಳು ಅವಳು, ಒಳಗೆ ಕೂತವಳಲ್ಲ. ತವರಿನ ಬಾಗಿಲಲ್ಲಿ ಒಂದು ಸಲ ಕಾರಿನಿಂದ ಇಳಿಯಬೇಕು ಎಂಬುದೊಂದೇ ಅವಳ ಆಸೆ. ಮದುವೆಯ ರೇಷ್ಮೆ ಸೀರೆ ಉಟ್ಟು ಮುಂದಿನ ಸೀಟಿನಲ್ಲಿ ಕೂತಿದ್ದಳು. ತಿಪ್ಪೇರುದ್ರನಿಗೂ ಒಂದು ಚಪಲ: ನಾಲ್ಕು ಜನ ನೋಡಲಿ. ಬಸ್ ಸ್ಟ್ಯಾಂಡಿನ ಹೋಟೆಲ್ ಮುಂದೆ ಬೇಕೆಂದೇ ನಿಲ್ಲಿಸಿ, ಎಂಜಿನ್ ಬಂದ್ ಮಾಡಿ, ಎಲೆ ಅಡಿಕೆ ಕೊಂಡು ಬಂದ. ಮತ್ತೆ ಕೀಲಿ ತಿರುಗಿಸಿದರೆ ‘ಟಕ್’ ಅಂದು ಸುಮ್ಮನಾಯಿತು.

“ಬ್ಯಾಟರಿ ಹೋತೇನ್ರೀ?” ಎಂದಳು ಹನುಮಂತಮ್ಮ.

ಹಾರ್ನ್ ಒತ್ತಿದ; ಗಟ್ಟಿಯಾಗಿ ಕೂಗಿತು. ಬ್ಯಾಟರಿಯದ್ದೇನೂ ತಪ್ಪಿರಲಿಲ್ಲ. ಬಾನೆಟ್ ಎತ್ತಿ ವೈರು ಅಲುಗಿಸಿ ನೋಡಿದ, ಎಲ್ಲ ಬಿಗಿಯಾಗಿದ್ದವು. ಕಾರಿನ ಕೆಳಗೆ ನುಸುಳಿ, ಎಂಜಿನ್ ತಿರುಗಿಸುವ ಸ್ಟಾರ್ಟರ್ ಮೋಟಾರಿಗೆ ನೇರ ಕರೆಂಟು ಹರಿಯಲೆಂದು ಅದರ ಎರಡು ಬೋಲ್ಟುಗಳಿಗೆ ಸ್ಪ್ಯಾನರ್ ಅಡ್ಡ ಹಿಡಿದ. ಕಿಡಿ ಹಾರಿತು, ಮೋಟಾರು ಅಲುಗಲಿಲ್ಲ.

“ಸ್ಟಾರ್ಟರ್ ಒಳಗಿನ ಬ್ರಷ್ ಸವೆದಾವೆ. ರಿಪೇರಿಗೆ ಚನ್ನಗಿರಿಗೇ ಹೋಗ್ಬೇಕು. ಈಗ ತಳ್ಳಿದ್ರೆ ಹೊರಡತೈತೆ,” ಎಂದ.

ತಳ್ಳುವುದೇನು ಹೊಸದೇ? ಚಳಿಗಾಲದಲ್ಲಿ ಈ ಕಾರು ಮೊಂಡು ಹಿಡಿದಾಗೆಲ್ಲ ಇದೇ ಹೋಟೆಲಿನ ಜನ ಚಹಾ ಬಿಟ್ಟು ಓಡಿ ಬರುತ್ತಿದ್ದರು. ಸಾಹುಕಾರರ ಕಾರಿಗೆ ಕೈ ಹಾಕುವುದೆಂದರೆ ಅವರಿಗೆ ತೇರಿನ ಹಗ್ಗ ಹಿಡಿದಷ್ಟು ಪುಣ್ಯ. ತಿಪ್ಪೇರುದ್ರ ಅದೇ ರೂಢಿಯಲ್ಲಿ ಕೂಗಿದ: “ಬರ್ರೀ, ಒಂದ್ ಕೈ ಹಾಕ್ರಿ!”

ಯಾರೂ ಏಳಲಿಲ್ಲ. ಅಡಿಕೆ ಮಂಡಿಯ ಬಸವರಾಜ್ ಲೋಟ ಕೂಡ ಕೆಳಗಿಡಲಿಲ್ಲ.

“ಏನಲೇ ತಿಪ್ಪೇರುದ್ರ, ನಿನ್ನ ಹೆಂಡ್ತೀನ ಮೇಲೆ ಕುಂದ್ರಿಸಿ ನಾವು ತಳ್ಳಬೇಕಾ? ನಿಮ್ಮ ಕೇರಿಯೋರು ಯಾರೂ ಸಿಗ್ಲಿಲ್ಲೇನು?”

ಹೋಟೆಲ್ ಪೂರಾ ನಕ್ಕಿತು. ಹೋದ ಚಳಿಗಾಲ ಬೆವರು ಸುರಿಸಿ ಇದೇ ಕಾರು ತಳ್ಳಿದ್ದ ಬಸವರಾಜನೇ ಎಲ್ಲರಿಗಿಂತ ಜೋರಾಗಿ ನಕ್ಕ.

ತಿಪ್ಪೇರುದ್ರನ ಮೈ ಉರಿದುಹೋಯಿತು. ಆದರೆ ಬಸವರಾಜನೆದುರು ಏಳದ ನಾಲಗೆ ಹೆಂಡತಿಯ ಮೇಲೆ ಎದ್ದಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವುದು ಎಲ್ಲ ಕೇರಿಗಳಲ್ಲೂ ಉಂಟು.

“ಮಹಾರಾಣಿ ಹಂಗೆ ಏನ್ ಕುಂತೀಯ? ಇಳಿ. ತಳ್ಳು!”

ಅವಳು ಗಂಡನ ಮುಖವನ್ನೊಮ್ಮೆ ನೋಡಿ ಇಳಿದಳು. ಸೆರಗನ್ನು ಸೊಂಟಕ್ಕೆ ಬಿಗಿದು ಹಿಂದಿನಿಂದ ಹೆಗಲು ಕೊಟ್ಟಳು. ಅವನು ಬಾಗಿಲ ಬಳಿ ಸ್ಟೇರಿಂಗ್ ಹಿಡಿದು ತಳ್ಳಿದ. ಇಳಿಜಾರು ಸಿಕ್ಕ ಕೂಡಲೇ ಒಳಗೆ ಹಾರಿ ಕೂತು, ಎರಡನೇ ಗೇರಿಗೆ ಹಾಕಿ ಕ್ಲಚ್ ಬಿಟ್ಟ. ಕಾರು ಅವಳ ಮುಖಕ್ಕೆ ಕಪ್ಪು ಹೊಗೆ ಉಗುಳಿ ಎದ್ದಿತು.

ಇನ್ನು ನಿಲ್ಲಿಸಬಹುದಿತ್ತು. ಒಮ್ಮೆ ಹತ್ತಿದ ಡೀಸೆಲ್ ಎಂಜಿನ್ ನಿಂತಲ್ಲೇ ಗುಡುಗುತ್ತಿರುತ್ತದೆ, ಸುಮ್ಮನೆ ಆರುವುದಿಲ್ಲ. ಅದು ಅವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಕನ್ನಡಿಯಲ್ಲಿ ಹನುಮಂತಮ್ಮ ಓಡಿ ಬರುತ್ತಿದ್ದಳು. ಅವಳ ಹಿಂದೆ ಹೋಟೆಲಿನ ಜನ ಎದ್ದು ನಿಂತು ನೋಡುತ್ತಿದ್ದರು. ಮಸಿ ಬಳಿದ ಆ ಹೆಂಗಸನ್ನು ಇಷ್ಟು ಕಣ್ಣುಗಳೆದುರು ಪಕ್ಕಕ್ಕೆ ಕೂರಿಸಿಕೊಳ್ಳಲು ಅವನಿಗೆ ನಾಚಿಕೆಯಾಯಿತು.

“ರೀ, ನಿಲ್ಲಸ್ರೀ! ನಾನೂ ಬರ್ತೀನ್ರೀ!”

ತಿಪ್ಪೇರುದ್ರ ಮೂರನೇ ಗೇರಿಗೆ ಹಾಕಿದ.