ದೇವದಾರು ಮರಕ್ಕೆ ಕಟ್ಟಿದ ಹಗ್ಗ

ಕ್ಯಾಪ್ಟನ್ ಪೆಟಿಕ್ರೂ ನನ್ನನ್ನು ‘ಮಾರ್ಥಾ ಕ್ವಿನ್’ ಹಡಗಿಗೆ ಅಡುಗೆಯವಳಾಗಿ ಸೇರಿಸಿಕೊಂಡಾಗ ನನಗೆ ಆಲೂಗಡ್ಡೆ ಬೇಯಿಸುವುದೊಂದು ಬಿಟ್ಟು ಬೇರೇನೂ ಬರುತ್ತಿರಲಿಲ್ಲ. ಗಂಡ ಸತ್ತು ಮೂರು ತಿಂಗಳಾಗಿತ್ತು. ಮಿಲ್ವಾಕಿಯ ಬಂದರಿನಲ್ಲಿ ಐದು ಹಡಗು ಹತ್ತಿ ಇಳಿದಿದ್ದೆ, ಐದು ಕಡೆಯೂ ಕೆಲಸ ಇಲ್ಲವೆಂದಿದ್ದರು.

“ಅಡುಗೆ ಬರತ್ತಾ?” ಎಂದು ಕೇಳಿದರು ಕ್ಯಾಪ್ಟನ್.

“ಬರತ್ತೆ,” ಅಂದೆ.

ನನ್ನ ಮುಖ ನೋಡಿದರೆ ಸುಳ್ಳೆಂದು ಯಾರಿಗಾದರೂ ತಿಳಿಯುತ್ತಿತ್ತು. ಅವರು ಮಾತ್ರ, “ಸರಿ, ಒಲೆ ಆ ಕಡೆ ಇದೆ,” ಎಂದು ತೋರಿಸಿ ಹೋದರು. ಮೊದಲ ತಿಂಗಳೆಲ್ಲಾ ಸೀದ ಕಾಳು, ಹಿಟ್ಟಾಗೇ ಉಳಿದ ರೊಟ್ಟಿ. ನಾವಿಕರು ಗೊಣಗಿದರೆ, “ಹೊಟ್ಟೆಗಿಳಿದ ಮೇಲೆ ಎಲ್ಲಾ ಒಂದೇ ಕಣ್ರೋ, ತಿನ್ರಿ,” ಎಂದು ತಾವೇ ಮೊದಲು ತಟ್ಟೆಗೆ ಕೈ ಹಾಕುತ್ತಿದ್ದರು. ಹೀಗೆ ಎಂಟು ವರ್ಷ ಮಿಶಿಗನ್ ಸರೋವರದ ಉದ್ದಗಲಕ್ಕೂ ಅವರ ಜೊತೆ ತಿರುಗಿದೆ. ನನ್ನ ಕೈಯಡುಗೆ ಕೂಡ ಸುಧಾರಿಸಿತೆನ್ನಿ.

೧೮೮೦ರ ನವೆಂಬರ್ ಕೊನೆಯಲ್ಲಿ ಸೇಬು, ಈರುಳ್ಳಿ ತುಂಬಿಕೊಂಡು ಉತ್ತರದ ಗಣಿಯೂರುಗಳ ಕಡೆ ಹೊರಟಿದ್ದೆವು. ಆ ವರ್ಷದ ಕೊನೆಯ ಸುತ್ತು ಅದು. ದಾರಿಯಲ್ಲಿ ಹಿಮಗಾಳಿ ಎದ್ದಿತು. ಸಂಜೆಯಿಂದ ಬೆಳಗಿನತನಕ ಕ್ಯಾಪ್ಟನ್ ಚುಕ್ಕಾಣಿ ಬಿಟ್ಟು ಕದಲಲಿಲ್ಲ. ಬೆಳಕು ಹರಿಯುವ ಹೊತ್ತಿಗೆ ಹಡಗು ಎತ್ತಿ ಕುಕ್ಕಿದಂತೆ ಬಂಡೆಸಾಲಿನ ಮೇಲೆ ಕೂತುಬಿಟ್ಟಿತು. ಮುಂಭಾಗ ನೀರೊಳಗೆ, ಹಿಂಭಾಗ ಮೇಲೆ. ನಮ್ಮ ಒಂದೇ ಒಂದು ಸಣ್ಣ ದೋಣಿಯನ್ನು ಅಲೆ ಮೊದಲೇ ಒಯ್ದಿತ್ತು. ಎದುರಿಗೆ ನೂರೈವತ್ತು ಗಜದಾಚೆ ದ್ವೀಪದ ದಡ, ದೇವದಾರು ಮರಗಳು, ಒಂದೆರಡು ಮನೆಯ ಹೊಗೆ. ಈಜಿ ಮುಟ್ಟುವ ಮಾತೇ ಇರಲಿಲ್ಲ. ನೀರಿಗೆ ಬಿದ್ದವರ ಎದೆ ಅರೆಗಳಿಗೆಯಲ್ಲಿ ನಿಲ್ಲುವಷ್ಟು ಚಳಿ.

ದಡದಲ್ಲಿ ಐದು ಜನ ಕಂಡರು. ಕ್ಯಾಪ್ಟನ್ನರ ಕೆಳಗಿನ ಅಧಿಕಾರಿ ಮೇಟ್ ಹಾಲ್ವರ್ ದುರ್ಬೀನಿನಲ್ಲಿ ನೋಡಿ, “ಎಲ್ಲಾ ಹೆಂಗಸ್ರೇ. ಐಸ್‌ಲ್ಯಾಂಡಿನವರು. ಗಂಡಸ್ರು ಮರ ಕಡಿಯೋಕೆ ಹೋಗಿರ್ಬೇಕು,” ಎಂದ. ಹಾಲ್ವರ್ ನಾರ್ವೆಯವನು, ಆರಡಿ ಆಳು, ಅವನ ದನಿಯೂ ಆಗ ಸಣ್ಣಗಾಗಿತ್ತು.

“ಒಂದು ಹಗ್ಗ ದಡ ಮುಟ್ಟಿದ್ರೆ ಸಾಕು,” ಎಂದರು ಕ್ಯಾಪ್ಟನ್. “ಗಾಳಿ ಆ ಕಡೆಗೇ ಬೀಸ್ತಿದೆ. ಹನೋರಾ, ನಿನ್ನ ಹಿಟ್ಟಿನ ಪೀಪಾಯಿ ಕೊಡು.”

“ಅರ್ಧ ಹಿಟ್ಟಿದೆ ಅದ್ರಲ್ಲಿ!”

“ಮಾರಾಯ್ತಿ, ಈಗ ಯಾರಿಗೆ ರೊಟ್ಟಿ ಸುಡ್ತೀಯ?”

ಹಿಟ್ಟನ್ನೆಲ್ಲಾ ನೀರಿಗೆ ಸುರಿದೆ. ಖಾಲಿ ಪೀಪಾಯಿಯ ಮುಚ್ಚಳ ಬಿಗಿದು, ತೆಳ್ಳನೆಯ ಹಗ್ಗ ಕಟ್ಟಿ, ಹಾಲ್ವರ್ ಎಸೆದ. ಅದು ಅಲೆಯಿಂದ ಅಲೆಗೆ ಕುಪ್ಪಳಿಸುತ್ತಾ ಹೋಯಿತು. ಹೆಂಗಸರಲ್ಲಿ ಎತ್ತರದವಳೊಬ್ಬಳು ಸೊಂಟದಷ್ಟು ನೀರಿಗಿಳಿದು ಅದನ್ನು ಬಾಚಿಕೊಂಡಳು. ಹಗ್ಗ ನೋಡಿದ ಕೂಡಲೇ ಅವಳಿಗೆ ಅರ್ಥವಾಯಿತು. ಐದೂ ಜನ ಸಾಲಾಗಿ ನಿಂತು ಎಳೆದರು. ತೆಳು ಹಗ್ಗದ ಹಿಂದೆ ದಪ್ಪ ಮಿಣಿ ಹೋಯಿತು. ಅದರ ಜೊತೆಗೆ, ನಮ್ಮ ಹಾಯಿ ಕಟ್ಟುವ ಕೂವೆಮರದ ರಾಟೆಯಲ್ಲಿ ಹಾಯಿಸಿದ ಇನ್ನೊಂದು ಹಗ್ಗದ ಎರಡೂ ತುದಿ ಹೋದವು. ಮಿಣಿಗೆ ಹಾಯಿಬಟ್ಟೆಯ ಜೋಲಿಯೊಂದನ್ನು ಕಬ್ಬಿಣದ ಬಳೆಯಿಂದ ನೇತುಹಾಕಿ ಆ ಎರಡನೆಯ ಹಗ್ಗಕ್ಕೆ ಬಿಗಿದೆವು. ಇನ್ನು ದಡದವರು ಒಂದು ತುದಿ ಎಳೆದರೆ ಜೋಲಿ ಅತ್ತ, ಇನ್ನೊಂದು ಎಳೆದರೆ ಇತ್ತ.

ಎತ್ತರದವಳು ಮಿಣಿಯನ್ನು ದೇವದಾರು ಮರಕ್ಕೆ ಸುತ್ತುತ್ತಿದ್ದಳು. ನಮ್ಮ ನಾಲ್ವರು ನಾವಿಕರೂ ಅದನ್ನೇ ನೋಡುತ್ತಿದ್ದರು, ಜೋಲಿಯ ಹತ್ತಿರ ಒಬ್ಬನೂ ಬರಲಿಲ್ಲ.

“ಹೆಂಗಸು ಕಟ್ಟಿದ ಗಂಟು,” ಎಂದ ಒಬ್ಬ. “ಮಧ್ಯದಲ್ಲಿ ಬಿಚ್ಕೊಂಡ್ರೆ?”

“ಎಂಟು ವರ್ಷದಿಂದ ಹೆಂಗಸು ಮಾಡಿದ್ದನ್ನೇ ತಿಂದು ಬದುಕಿದೀಯಲ್ಲೋ,” ಎಂದು ನಾನು ಜೋಲಿಗೆ ಕಾಲು ತೂರಿಸಿದೆ. ಧೈರ್ಯವೆಂದುಕೊಳ್ಳಬೇಡಿ. ಸಿಟ್ಟು, ಅಷ್ಟೆ.

ಹಡಗು ಹೊರಳಿದಾಗ ಮಿಣಿ ಸಡಿಲಾಗಿ ನನ್ನನ್ನು ನೀರಿಗೆ ಅದ್ದಿತು. ಮೇಲೆದ್ದೆ, ಮತ್ತೆ ಮುಳುಗಿದೆ. ಮೂರನೆಯ ಸಲ ಏನೂ ತಿಳಿಯಲಿಲ್ಲ. ಕಣ್ಣು ಬಿಟ್ಟಾಗ ಎತ್ತರದವಳ ತೋಳಲ್ಲಿದ್ದೆ. ಅವಳು ಕೆನ್ನೆಗೆ ಎರಡು ಬಾರಿಸಿದಳು, ಏನೋ ಬೈದಳು, ಒಣ ಕಂಬಳಿ ಸುತ್ತಿ ನನ್ನ ಕೈಗೆ ಹಗ್ಗ ತುರುಕಿದಳು. ಎಳಿ ಎಂದು ಹೇಳುವುದಕ್ಕೆ ಭಾಷೆ ಬೇಕಾಗಲಿಲ್ಲ. ಅವಳ ಹೆಸರು ಥೋರ್ಡಿಸ್ ಎಂದು ಆಮೇಲೆ ತಿಳಿಯಿತು.

ಒಬ್ಬೊಬ್ಬರಾಗಿ ನಾಲ್ವರೂ ಬಂದರು. ಐದನೆಯವನಾಗಿ ಹಾಲ್ವರ್ ಬಂದ. ಖಾಲಿ ಜೋಲಿಯನ್ನು ಮತ್ತೆ ಹಡಗಿಗೆ ಕಳಿಸಿದೆವು. ಕಾದೆವು. ಕ್ಯಾಪ್ಟನ್ ಅದರ ಪಕ್ಕದಲ್ಲೇ ನಿಂತಿದ್ದರು, ಹತ್ತಲಿಲ್ಲ. ಸ್ವಲ್ಪ ಹೊತ್ತಿಗೆ ಕೂವೆಮರಕ್ಕೆ ಒರಗಿ ಕೂತುಬಿಟ್ಟರು.

“ಹಡಗಿನ ಜೊತೆಗೇ ಹೋಗೋ ಹಟ,” ಎಂದ ಹಾಲ್ವರ್. ಅವನ ಕಣ್ಣು ತುಂಬಿತ್ತು. “ನಾನು ಹೋಗಿ ಎತ್ಕೊಂಡು ಬರ್ತೀನಿ.”

“ನಿಮ್ಮಿಬ್ಬರ ಭಾರಕ್ಕೆ ಮಿಣಿ ತಡೆಯತ್ತೇನೋ? ನಾನು ಹೋಗ್ತೀನಿ. ಎಲ್ಲರಿಗಿಂತ ಹಗುರ ನಾನೇ.”

“ಹನೋರಕ್ಕಾ, ನಿಂಗೆ ತಲೆ ಕೆಟ್ಟಿದ್ಯಾ? ಈಗಷ್ಟೇ ಸತ್ತು ಬದುಕಿದೀಯ!”

“ಐದು ಕಡೆ ಇಲ್ಲ ಅಂದಾಗ ಆ ಮನುಷ್ಯ ಒಲೆ ತೋರಿಸಿದ್ದ ಕಣೋ. ಜೋಲಿ ಎಳಿ.”

ಥೋರ್ಡಿಸ್ ನನ್ನನ್ನೂ ಹಡಗನ್ನೂ ನೋಡಿದಳು. ತನ್ನ ಉಣ್ಣೆಯ ಕೈಗವಸು ಬಿಚ್ಚಿ ನನ್ನ ಕೈಗೆ ತೊಡಿಸಿ, ಜೋಲಿಯ ಗಂಟನ್ನು ತಾನೇ ಎಳೆದು ನೋಡಿದಳು.

ಹಡಗು ಮುಟ್ಟಿದಾಗ ಕ್ಯಾಪ್ಟನ್ ನನ್ನನ್ನು ದೆವ್ವ ನೋಡಿದಂತೆ ನೋಡಿದರು. “ನೀನ್ಯಾಕೆ ಬಂದೆ?”

“ನೀವ್ಯಾಕೆ ಬರ್ಲಿಲ್ಲ?”

ಅವರು ಜೇಬಿನಿಂದ ಕೈ ಹೊರತೆಗೆದರು. ಎರಡೂ ಕೈ ಮೇಣದಂತೆ ಬೆಳ್ಳಗೆ, ಮರದ ತುಂಡಿನಂತೆ ಗಟ್ಟಿ. ರಾತ್ರಿಯಿಡೀ ಚುಕ್ಕಾಣಿ ಹಿಡಿದ ಕೈಗಳು. ಹತ್ತಲೂ ಆಗದು, ಹಿಡಿಯಲೂ ಆಗದು, ಗಂಟು ಹಾಕಲೂ ಆಗದು.

“ಹಾಲ್ವರ್‌ಗೆ ಹೇಳ್ಬೇಕಿತ್ತು!”

“ಹೇಳಿದ್ರೆ ನನ್ನನ್ನ ಮೊದಲು ಕಳಿಸ್ತಿದ್ರು. ಕ್ಯಾಪ್ಟನ್ ಮೊದಲು ಇಳಿಯೋದುಂಟಾ?”

“ಸರಿ, ಈಗ ಕೊನೆಯವರೇ ಆದ್ರಲ್ಲ. ಬಾಯಿ ಮುಚ್ಕೊಂಡು ಕೂತ್ಕೊಳ್ಳಿ.” ಎಂಟು ವರ್ಷದಲ್ಲಿ ಮೊದಲ ಬಾರಿ ಅವರಿಗೆ ಹಾಗೆಂದೆ. ಅವರನ್ನು ಜೋಲಿಯಲ್ಲಿ ಕೂರಿಸಿ, ಹಗ್ಗದಿಂದ ನನ್ನ ಸೊಂಟಕ್ಕೆ ಬಿಗಿದು, ಕೈ ಬೀಸಿದೆ.

ಇಬ್ಬರ ಭಾರಕ್ಕೆ ಮಿಣಿ ಪೂರಾ ನೀರಿಗಿಳಿಯಿತು. ಉಸಿರಿಗಾಗಿ ತಲೆಯೆತ್ತಿದಾಗಲೆಲ್ಲ ದಡದಿಂದ ಒಂದು ಕೂಗು ಕೇಳುತ್ತಿತ್ತು. ಥೋರ್ಡಿಸ್ ಕೂಗಿದ ಹಾಗೆ ಹತ್ತು ಜನ ಒಟ್ಟಿಗೆ ಜಗ್ಗುತ್ತಿದ್ದರು. ಕತ್ತಿನವರೆಗೆ ನೀರಿಗಿಳಿದು ನಮ್ಮಿಬ್ಬರನ್ನೂ ಕಾಲರ್ ಹಿಡಿದು ಎಳೆದುಕೊಂಡವಳೂ ಅವಳೇ.

ಮಧ್ಯಾಹ್ನದೊಳಗೆ ‘ಮಾರ್ಥಾ ಕ್ವಿನ್’ ಎರಡು ಹೋಳಾಯಿತು. ಒಬ್ಬರ ಜೀವವೂ ಹೋಗಲಿಲ್ಲ. ದಡದ ತುಂಬಾ ಕೆಂಪು ಸೇಬುಗಳು ಬಂದು ಬಿದ್ದವು, ಹಿಮದ ಮೇಲೆ ನೂರಾರು.

ಆ ಹೆಂಗಸರ ಮನೆಗಳಲ್ಲಿ ಒಣಮೀನು, ಆಲೂಗಡ್ಡೆ ಬಿಟ್ಟು ಹೆಚ್ಚೇನೂ ಇರಲಿಲ್ಲ. ಇದ್ದ ಹಾಸಿಗೆಗಳನ್ನು ನಮಗೆ ಕೊಟ್ಟು ತಾವು ನೆಲದ ಮೇಲೆ ಮಲಗಿದರು. ಥೋರ್ಡಿಸ್ ಕ್ಯಾಪ್ಟನ್ನರ ಕೈಗಳನ್ನು ಬೆಚ್ಚಗಿನ ನೀರಿನಲ್ಲಿಟ್ಟುಕೊಂಡು ಕೂತಳು. ಅಷ್ಟಾದರೂ ಆರು ಬೆರಳು ಹೋದವು, ನಾಲ್ಕು ಉಳಿದವು. ಅವಳ ಗಂಡ ಎರಡು ವರ್ಷದ ಹಿಂದೆ ಇದೇ ನೀರಿನಲ್ಲಿ ಮುಳುಗಿದ್ದನಂತೆ. ಅದನ್ನು ಅವಳು ಹೇಳಲಿಲ್ಲ, ಪಕ್ಕದ ಮನೆಯವಳು ಹೇಳಿದ್ದನ್ನು ಹಾಲ್ವರ್ ತಿಳಿಸಿದ. ಅವನಿಗೆ ಅವರ ಮಾತು ಅರ್ಧಂಬರ್ಧ ಅರ್ಥವಾಗುತ್ತಿತ್ತು.

ಉಪಕಾರ ಸ್ಮರಿಸುವುದಕ್ಕೆ ‘ಟಾಕ್’ ಎನ್ನಬೇಕೆಂದು ಹಾಲ್ವರ್ ಕಲಿಸಿಕೊಟ್ಟ. ನೀರು ಕೊಟ್ಟರೆ ಟಾಕ್, ಕಟ್ಟಿಗೆ ತಂದರೆ ಟಾಕ್, ಸುಮ್ಮನೆ ಎದುರು ಬಂದರೂ ಟಾಕ್. ನಾಲ್ಕನೆಯ ದಿನ ಥೋರ್ಡಿಸ್ ಸೌಟು ಕೆಳಗಿಟ್ಟು ಹಾಲ್ವರ್‌ಗೆ ಏನೋ ಗದರಿದಳು. ಅವನು ಬಿದ್ದು ಬಿದ್ದು ನಕ್ಕ.

“ಏನಂತೆ?”

“ಇನ್ನೊಂದು ಸಲ ಟಾಕ್ ಅಂದ್ರೆ ವಾಪಸ್ ಸರೋವರಕ್ಕೇ ಎಸೀತಾಳಂತೆ.”

ಸರೋವರ ಹೆಪ್ಪುಗಟ್ಟಿದ ಮೇಲೆ ಹಾಲ್ವರ್ ಮತ್ತು ನಾವಿಕರು ಟಪಾಲಿನ ಜಾರುಬಂಡಿಯ ಹಿಂದೆ ಮಂಜುಗಡ್ಡೆಯ ಮೇಲೆ ನಡೆದು ಊರು ಸೇರಿದರು. ಕ್ಯಾಪ್ಟನ್ ಗಾಯ ಮಾಯಲೆಂದು ಉಳಿದರು, ಅವರಿಗೆ ಉಣಿಸಲು ನಾನೂ ಉಳಿದೆ. ಮೊದಮೊದಲು ಚಮಚ ಎತ್ತಿದರೆ ಮುಖ ತಿರುಗಿಸುತ್ತಿದ್ದರು. ಒಂದು ದಿನ ಗಂಜಿ ಕುಡಿಯುತ್ತಾ ಇದ್ದಕ್ಕಿದ್ದಂತೆ, “ಹನೋರಾ, ಆವತ್ತು ನಾನು ಸಾಯೋಕೆ ತಯಾರಾಗೇ ಕೂತಿದ್ದೆ,” ಅಂದರು. “ಆದ್ರೆ ನೀನು ಬರೋದು ಕಂಡಾಗ ಎಷ್ಟು ಖುಷಿ ಆಯ್ತು ಅಂದ್ರೆ, ನಂಗೇ ನಾಚಿಕೆ ಆಯ್ತು.”

“ಗಂಜಿ ಆರತ್ತೆ, ಕುಡೀರಿ,” ಅಂದೆ. ಮತ್ತೊಂದು ಚಮಚ ತುಂಬಿ ಬಾಯಿಗೆ ಹಿಡಿದೆ.

ವಸಂತದಲ್ಲಿ ನಾವಿಬ್ಬರೂ ಹಿಂತಿರುಗಲಿಲ್ಲ. ದ್ವೀಪದ ಹಡಗುಕಟ್ಟೆ ನೋಡಿಕೊಳ್ಳುವ ಕೆಲಸ ಕ್ಯಾಪ್ಟನ್ನರಿಗೆ ಸಿಕ್ಕಿತು. ಹಡಗು ನಿಲ್ಲಿಸುವುದಕ್ಕೆ ದೊಡ್ಡ ದನಿ ಸಾಕು, ಅದು ಅವರಿಗೆ ಧಾರಾಳವಾಗಿತ್ತು. ಅದೇ ಕಟ್ಟೆಯ ಪಕ್ಕ, ಒಡೆದ ಹಡಗಿನ ಹಲಗೆಗಳಿಂದ ನಾನೊಂದು ಊಟದ ಮನೆ ಎಬ್ಬಿಸಿದೆ. ಬಾಗಿಲು ತೆರೆದ ಮೊದಲ ಬೆಳಿಗ್ಗೆ, ಮೀನುಗಾರರು ಬರುವ ಮುಂಚೆ, ಥೋರ್ಡಿಸಳ ಕೈಹಿಡಿದು ಕರೆತಂದು ಕುರ್ಚಿಯಲ್ಲಿ ಕೂರಿಸಿದೆ. ಅವಳು ಎರಡು ಸಲ ಏಳಲು ನೋಡಿದಳು. ಕೂತು ಬಡಿಸಿಕೊಂಡು ರೂಢಿಯೇ ಇರಲಿಲ್ಲ ಅವಳಿಗೆ. ಭುಜ ಒತ್ತಿ ಕೂರಿಸಿ ಬಿಸಿ ರೊಟ್ಟಿ, ಬೆಣ್ಣೆ, ಹುರಿದ ಮೀನು, ಕಾಫಿ ಇಟ್ಟೆ. ಅವಳು ನಿಧಾನವಾಗಿ, ಒಂದು ತುಣುಕೂ ಬಿಡದೆ ತಿಂದಳು.

ಆಮೇಲೆ ನನ್ನ ಕಡೆ ತಿರುಗಿ, ಚಳಿಗಾಲದಲ್ಲಿ ನನ್ನಿಂದ ಕಲಿತ ನಾಲ್ಕಾರು ಮಾತುಗಳನ್ನು ಜೋಡಿಸಿ ಹೇಳಿದಳು: “ಕಾಫಿ ನೀರು ನೀರು.”

ಮತ್ತು ಲೋಟವನ್ನು ಮುಂದಕ್ಕೆ ಚಾಚಿದಳು, ಇನ್ನಷ್ಟು ಹಾಕು ಎಂದು.