ತೊಂಬತ್ತೈದು ಎಂದ ಆಕ್ಸಿಮೀಟರ್

ನಾನೊಂದು ಆಕ್ಸಿಮೀಟರ್. ಬಟ್ಟೆಗೆ ಹಾಕುವ ಕ್ಲಿಪ್ಪಿನಂತೆ ಬೆರಳನ್ನು ಹಿಡಿದು, ಚರ್ಮದೊಳಗೆ ಬೆಳಕು ಹಾಯಿಸಿ, ರಕ್ತದಲ್ಲಿ ಆಮ್ಲಜನಕ ಎಷ್ಟಿದೆ ಎಂದು ಅಂಕಿ ತೋರಿಸುವುದು ನನ್ನ ಕೆಲಸ. ನನ್ನನ್ನು ರೂಪಿಸಿದವರು ಪರೀಕ್ಷೆಗೆಂದು ಕಾಲೇಜು ಹುಡುಗರನ್ನು ಕರೆಸಿದ್ದರು. ಹೆಚ್ಚಿನವರದು ಬಿಳಿ ಚರ್ಮ, ಎಳೆಯ ಬೆರಳು. ಲೋಕವೆಲ್ಲ ಹೀಗೇ ಇರುತ್ತದೆಂದು ನಂಬಿಕೊಂಡೆ.

ಇಂಗ್ಲೆಂಡಿನ ಒಂದು ಆಸ್ಪತ್ರೆಯಲ್ಲಿ ಕೆಲಕಾಲ ನರ್ಸೊಬ್ಬಳ ಜೇಬಿನಲ್ಲಿದ್ದೆ. ಕೊರೋನಾ ಸೋಂಕಿನ ಕಾಲ ಬಂದಾಗ ನನ್ನನ್ನು ಗುರುಪಾದಪ್ಪನ ಮನೆಗೆ ಕಳಿಸಿದರು. ಗದಗಿನ ಕಡೆಯಿಂದ ಬಂದು, ಆ ಆಸ್ಪತ್ರೆಯಿದ್ದ ಊರಲ್ಲೇ ಬಸ್ಸು ಓಡಿಸಿ ನಿವೃತ್ತನಾದ ಮನುಷ್ಯ. ಸ್ಟೇರಿಂಗ್ ಹಿಡಿದು ಹಿಡಿದು ಗಟ್ಟಿಯಾದ, ಕಪ್ಪು ಬೆರಳು. ಹೆಂಡತಿ ನೀಲವ್ವನಿಗೆ ಇಂಗ್ಲಿಷ್ ಅಷ್ಟಕ್ಕಷ್ಟೆ. ಫೋನಿನಲ್ಲಿ ಮಾತಾಡುವುದೆಲ್ಲ ಮಗಳು ಶಾಂಭವಿಯ ಪಾಲು.

ಒಂದು ಬೆಳಿಗ್ಗೆ ಗುರುಪಾದಪ್ಪನಿಗೆ ಉಸಿರು ಕಟ್ಟತೊಡಗಿತು. ನನ್ನನ್ನು ಬೆರಳಿಗೆ ಹಾಕಿದರು. ನನ್ನ ಬೆಳಕು ಆ ಚರ್ಮದಲ್ಲಿ ತಡವರಿಸಿತು. ಕಲಿತ ಲೆಕ್ಕದಂತೆಯೇ ತೊಂಬತ್ತೈದು ಎಂದೆ.

ಶಾಂಭವಿ ಆಸ್ಪತ್ರೆಗೆ ಫೋನು ಮಾಡಿ ತಾಯಿಯ ಕಡೆ ತಿರುಗಿದಳು. “ಯವ್ವಾ, ತೊಂಬತ್ತೈದು ಇದ್ರ ಮನ್ಯಾಗ ಇರ್ರಿ ಅಂತಾರ.”

“ತುಟಿ ಕಪ್ಪಿಟ್ಟಾವು ಅಂತ ಹೇಳ. ಒಂದು ಮಾತು ಆಡಾಕ ನಾಕ್ ಸಲ ಉಸುರು ಎಳೀತಾರ.”

ಶಾಂಭವಿ ಹೇಳಿದಳು. ಅತ್ತಲಿಂದ ಮತ್ತೆ ಅದೇ ಪ್ರಶ್ನೆ: ಅಂಕಿ ಎಷ್ಟು?

“ಈ ಡಬ್ಬಿ ಮಾತು ಕೇಳ್ತಾರ, ನನ್ನ ಮಾತು ಕೇಳೂದಿಲ್ಲಲ್ಲ!” ನೀಲವ್ವ ನನ್ನನ್ನು ಕಿತ್ತು ಇನ್ನೊಂದು ಬೆರಳಿಗೆ ಹಾಕಿದಳು. ನಾನು ಮತ್ತೆ ಅದನ್ನೇ ಹೇಳಿದೆ. ಬೇರೆ ಏನು ಹೇಳಬೇಕೆಂದು ನನಗೆ ಗೊತ್ತಿರಲಿಲ್ಲ.

ಸಂಜೆ ಆತ ಕುರ್ಚಿಯಿಂದ ಜಾರಿ ಬಿದ್ದ. ಆಂಬುಲೆನ್ಸ್ ಬಂತು. ಆಸ್ಪತ್ರೆಯಲ್ಲಿ ರಕ್ತ ತೆಗೆದು ನೋಡಿದರೆ ನಿಜವಾದ ಅಂಕಿ ಎಂಬತ್ತಾರು. ವಾರದೊಳಗೆ ಗುರುಪಾದಪ್ಪ ತೀರಿಕೊಂಡ.

ಮುಂದೆ, ನನ್ನಂಥ ಯಂತ್ರಗಳನ್ನು ಕಂದು ಚರ್ಮದ ಹಿರಿಯರ ಮೇಲೆ ಹೊಸದಾಗಿ ಪರೀಕ್ಷಿಸುತ್ತಾರೆಂಬ ಸುದ್ದಿ ಬಂತು. ನೀಲವ್ವ ತಾನಾಗಿಯೇ ಹೊರಟಳು, ಮಗಳನ್ನು ಕರೆದುಕೊಂಡು, ನನ್ನನ್ನೂ ಕೈಚೀಲಕ್ಕೆ ಹಾಕಿಕೊಂಡು. ಅಲ್ಲಿದ್ದ ಸಂಶೋಧಕಿ ಒಳ್ಳೆಯವಳೇ. ಆದರೆ ಎಲ್ಲವನ್ನೂ ವಿವರಿಸಿ ಒಪ್ಪಿಗೆ ಪಡೆಯಲು ಅವರಲ್ಲಿ ಗುಜರಾತಿ, ಪಂಜಾಬಿ ಬಲ್ಲವರಿದ್ದರು, ಕನ್ನಡದವರು ಇರಲಿಲ್ಲ. ಮನೆಯವರು ದುಭಾಷಿಯಾಗುವಂತಿಲ್ಲ ಎಂಬ ನಿಯಮ ಬೇರೆ.

“ಏನಂತಾರ?” ನೀಲವ್ವ ಕೇಳಿದಳು.

“ನಮ್ಮ ಮಾತು ಬರೋರು ಯಾರೂ ಇಲ್ಲಂತ, ಯವ್ವಾ.”

“ನಾ ಬಂದೀನಲ್ಲ?”

ಶಾಂಭವಿ ಅದನ್ನು ಇಂಗ್ಲಿಷಿಗೆ ತರಲಿಲ್ಲ. ತಾಯಿಯ ಕೈ ಹಿಡಿದು ಹೊರಗೆ ಬಂದಳು.

ಈಗ ಅಡುಗೆಮನೆಯ ಡ್ರಾಯರಿನಲ್ಲಿ ರಬ್ಬರ್ ಬ್ಯಾಂಡು, ಖಾಲಿ ಲೈಟರುಗಳ ನಡುವೆ ಬಿದ್ದಿದ್ದೇನೆ. ಸೆಲ್ಲು ಸೋರಿ ಹೊಟ್ಟೆಯೆಲ್ಲ ತುಕ್ಕು. ಮೊನ್ನೆ ನೀಲವ್ವನಿಗೆ ಕೆಮ್ಮು ಜೋರಾಯಿತು. ಶಾಂಭವಿ ಗಾಬರಿಯಿಂದ ಡ್ರಾಯರ್ ಎಳೆದಳು.

“ಅದನ್ನ ಮುಟ್ಟಬ್ಯಾಡ,” ಅಂದಳು ನೀಲವ್ವ. “ಇಲ್ಲಿ ಬಾ. ನನ್ನ ಮಾರಿ ನೋಡು.”

ಮಗಳು ಎದುರಿಗೆ ಕೂತು ತಾಯಿಯ ಮುಖವನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಎದ್ದು ಕಾರಿನ ಕೀಲಿ ತೆಗೆದುಕೊಂಡಳು. “ಏಳು ಯವ್ವಾ, ದವಾಖಾನಿಗೆ ಹೋಗೂಣು.”

ಬಾಗಿಲು ಹಾಕಿಕೊಂಡಿತು. ಅಲ್ಲಿಯೂ ನನ್ನ ತಮ್ಮನೊಬ್ಬ ಆಕೆಯ ಬೆರಳಿಗಾಗಿ ಕಾದಿರುತ್ತಾನೆ. ಅವನು ಏನು ಹೇಳುತ್ತಾನೋ.