ಆಯಿಯ ತೊಡೆಗೆ ಸುತ್ತಿದ ನೂಲು

ನಮ್ಮ ಓಣಿಯಲ್ಲಿ ಯಾರಿಗೆ ಆಪರೇಷನ್ ಆದರೂ ಹೇಳುವ ಮಾತು ಒಂದೇ, ಅಲುಗಾಡಬೇಡ, ಮಲಗು. ಸೊಂಟದ ಕೀಲು ಬದಲಿಸಿಕೊಂಡು ಬನಹಟ್ಟಿಗೆ ಮರಳಿದ ನನ್ನ ಆಯಿಗೂ, ಅಂದರೆ ಅಪ್ಪನ ಅವ್ವ ಶೇವಂತಿಗೂ, ಹಾಗೇ ಹೇಳಿದೆವು. ಆಸ್ಪತ್ರೆಯವರು ವಾಕರ್ ಹಿಡಿದು ನಡೆಸಿರಿ ಎಂದಿದ್ದರು. ನಾವು ಪ್ರೀತಿಯಿಂದ ಮಂಚಕ್ಕೆ ಹಾಕಿದೆವು.

ಆಯಿ ನಲವತ್ತು ವರ್ಷ ಕುಣಿಮಗ್ಗದಲ್ಲಿ ಸೀರೆ ನೇಯ್ದವಳು. ಕುಣಿಯೊಳಗೆ ಕಾಲು ಇಳಿಬಿಟ್ಟು ಹಲಗೆಗಳನ್ನು ಒಂದಾದ ಮೇಲೊಂದು ತುಳಿಯುತ್ತಿದ್ದಳು. ಚಿಕ್ಕವಳಿದ್ದಾಗ ಆ ಸದ್ದಿಗೇ ನನಗೆ ನಿದ್ದೆ ಬರುತ್ತಿತ್ತು. ಆಮೇಲೆ ಕರೆಂಟಿನ ಮಗ್ಗಗಳು ಬಂದವು. ಕುಣಿಗೆ ಬಂಡೆ ಮುಚ್ಚಿದರು.

ಮೂರನೆಯ ವಾರ ಬಾವು ಇಳಿದಾಗ ಆಪರೇಷನ್ ಆದ ಕಾಲಿನ ತೊಡೆ ಸೊರಗಿದಂತೆ ಕಂಡಿತು. ಒಂದೆಳೆ ನೂಲನ್ನು ಒಳ್ಳೆಯ ತೊಡೆಗೆ ಸುತ್ತಿ, ಅಳತೆಗೆ ಗಂಟು ಹಾಕಿದೆ. ಅದನ್ನೇ ಈ ತೊಡೆಗೆ ಸುತ್ತಿದರೆ ಎರಡು ಬೆರಳು ಹೆಚ್ಚಿಗೆ ಉಳಿಯಿತು. ಯಾರ ಕೈಯನ್ನೂ ಹಿಡಿಯದೆ ಬಚ್ಚಲಿಗೆ ಹೋಗಿಬರಬೇಕು, ಅಷ್ಟೇ ಆಯಿಯ ಆಸೆ. ಅದೂ ತಪ್ಪೀತೆಂದು ಹೆದರಿದೆ.

ಅಪ್ಪನಿಗೆ ಹೇಳಿ ಫಿಜಿಯೋಥೆರಪಿಸ್ಟ್ ಉಜ್ವಲಾ ಅವರನ್ನು ಕರೆಸಿದೆ. ಮಲಗಿಸಿಯೇ ಇಟ್ಟೆವೆಂದು ಹೇಳಲು ನಾಚಿ, ಗಂಟು ತೋರಿಸಿ ನೂಲನ್ನೇ ಅವರ ಕೈಗಿತ್ತೆ. ಕೆಲಸವಿಲ್ಲದ ಸ್ನಾಯು ಬೇಗ ಕರಗುತ್ತದೆ ಎಂದರು. ರಕ್ತ ಹೆಪ್ಪುಗಟ್ಟಿದ ಗುರುತು ಇದೆಯೇ ಎಂದು ಮೀನಖಂಡ ಮುಟ್ಟಿ ನೋಡಿದರು, ಎದೆಯಲ್ಲಿ ಪೇಸ್‌ಮೇಕರ್ ಇದೆಯೇ ಎಂದು ಕೇಳಿದರು, ಡಾಕ್ಟರಿಗೆ ಫೋನ್ ಮಾಡಿದರು. ಆಮೇಲೆ ಸ್ನಾಯುವಿಗೆ ಸಣ್ಣಗೆ ಕರೆಂಟ್ ಹಾಯಿಸಿ ಕೆಲಸ ಮಾಡಿಸುವ, ಮೊಬೈಲಿನಷ್ಟು ದೊಡ್ಡ ಯಂತ್ರ ತೆಗೆದು, ಅದರ ಪಟ್ಟಿಗಳನ್ನು ಗಾಯದಿಂದ ದೂರ, ತೊಡೆಗೆ ಅಂಟಿಸಹೋದರು.

ಆಯಿ ಕೈ ಅಡ್ಡ ಹಿಡಿದಳು. "ಇದ ಕರೆಂಟ್ ಬಂದು ನನ್ನ ಕಾಲಿನ ಕೆಲಸಾ ಕಸ್ಕೊಂಡೈತಿ. ಈಗ ಕಾಲೂ ಬೇಕಾತೇನು ಇದಕ್ಕ? ಒಳಗ ಲೋಹ ಐತಿ, ಹಿಡದರ ಹೋದೆ ನಾ."

"ಇದು ಗ್ವಾಡಿ ಕರೆಂಟ್ ಅಲ್ಲರಿ ಆಯಿ, ಸಣ್ಣ ಬ್ಯಾಟರಿದು. ಡಾಕ್ಟರನ್ನ ಕೇಳೇ ಹಚ್ಚಾಕತ್ತೇನಿ. ಜುಮುಜುಮು ಅಂತೈತಿ. ಉರದರ ಹೇಳ್ರಿ, ಬಂದ್ ಮಾಡ್ತೀನಿ," ಎಂದರು ಉಜ್ವಲಾ.

ಆಯಿ ನನ್ನ ಮುಖ ನೋಡಿದಳು. ನಾನು ಆ ನೂಲನ್ನು ಉಜ್ವಲಾ ಅವರಿಂದ ತೆಗೆದುಕೊಂಡು ಅವಳ ಕೈಗಿತ್ತೆ. ಬೆರಳಾಡಿಸಿ ಗಂಟು ಹುಡುಕಿದಳು. ನೂಲಿನ ಮಾತು ಅವಳಿಗೆ ಬಿಡಿಸಿ ಹೇಳಬೇಕಿರಲಿಲ್ಲ. ಅಡ್ಡ ಹಿಡಿದ ಕೈ ತೆಗೆದಳು.

ತೊಡೆ ತಾನಾಗಿ ಬಿಗಿಯಿತು, ಸಡಿಲಾಯಿತು, ಮತ್ತೆ ಬಿಗಿಯಿತು. ಅದು ಬಿಗಿಯುವಾಗ ನೀವೂ ಬಿಗಿಯಬೇಕು ಎಂದರು ಉಜ್ವಲಾ. ಆಯಿ ಕಣ್ಣು ಮುಚ್ಚಿದಳು.

"ಹಲಗಿ ತುಳಿದಂಗ ಆಗಾಕತ್ತೈತಿ ಬೇ," ಎಂದಳು ನನಗೆ.

ಯಂತ್ರವೊಂದೇ ಸಾಲದು, ನಡಿಗೆ ಮತ್ತು ವ್ಯಾಯಾಮ ಬಿಡಬಾರದು, ನೆಲದ ಮೇಲೆ ಕೂರಬಾರದು, ಕಾಲ ಮೇಲೆ ಕಾಲು ಹಾಕಬಾರದು ಎಂದು ಉಜ್ವಲಾ ಎಚ್ಚರಿಸಿದ್ದರು. ನಾವು ಎಲ್ಲವನ್ನೂ ಪಾಲಿಸಿದೆವು.

ಎರಡು ತಿಂಗಳಾಯಿತು. ನೂಲು ಇನ್ನೂ ಅರ್ಧ ಬೆರಳು ಉಳಿಯುತ್ತದೆ. ಆದರೆ ಆಯಿ ಬಚ್ಚಲಿಗೆ ತಾನೇ ಹೋಗುತ್ತಾಳೆ. ನಿನ್ನೆ ಬರುವಾಗ ಕುಣಿ ಮುಚ್ಚಿದ ಬಂಡೆಯ ಮೇಲೆ ನಿಂತಳು. ವಾಕರ್ ಹಿಡಿದು ಎಡ, ಬಲ, ಎಡ, ಬಲ ಎಂದು ಪಾದ ಒತ್ತಿದಳು. ನಾನು ಬಾಗಿಲಲ್ಲೇ ನಿಂತು ನೋಡಿದೆ.

ನಿಮ್ಮ ಮನೆಯ ಹಿರಿಯರಿಗೂ ಈ ಆಪರೇಷನ್ ಆಗಿದ್ದರೆ ಸುಮ್ಮನೆ ಮಲಗಿಸಿಬಿಡಬೇಡಿ. ಸ್ನಾಯು ಬಿಗಿಸುವ ಈ ಯಂತ್ರ ಅವರಿಗೆ ಹೊಂದುತ್ತದೆಯೇ ಎಂದು ಡಾಕ್ಟರನ್ನು, ಫಿಜಿಯೋಥೆರಪಿಸ್ಟನ್ನು ಕೇಳಿ. ಕೇಳದೆ ನೀವೇ ತಂದು ಹಚ್ಚಬೇಡಿ. ಕೇಳಲು ನಾಚಿಕೆಯಾದರೆ ಒಂದೆಳೆ ನೂಲು ಒಯ್ದು ತೋರಿಸಿ. ಅದು ಎಲ್ಲರ ಮನೆಯಲ್ಲೂ ಇರುತ್ತದೆ.